ಹನ್ನೆರಡು ಚಿತ್ರಗಳ ಸುರುಳಿ

ಕ್ಯಾಮರಾ ಕೊಂಡ ಮನುಷ್ಯನ ಮೊದಲ ಮೂರು ತಿಂಗಳು ಅವನ ಮನೆಯವರ ಪಾಲಿಗೆ ಕಷ್ಟಕಾಲ. ಒಗ್ಗರಣೆಯ ಸಾಸಿವೆ ಸಿಡಿಯುವ ಹೊತ್ತಿಗೆ ಸರಿಯಾಗಿ ಕಿಟಕಿಯ ಬೆಳಕು ಹೆಂಡತಿಯ ಕೆನ್ನೆಯ ಮೇಲೆ ಬಿದ್ದಿರುತ್ತದೆ; ಸೌಟು ಹಿಡಿದ ಕೈ ಅಲ್ಲಾಡಕೂಡದು. ಮಗು ಅತ್ತರೆ ಸಮಾಧಾನ ಮಾಡುವ ಮೊದಲು ಒಂದು ಚಿತ್ರ, ಸಮಾಧಾನವಾದ ಮೇಲೆ ಇನ್ನೊಂದು. ತುಳಸೀಕಟ್ಟೆ, ಕೊಟ್ಟಿಗೆಯ ಹಸು, ಹಿತ್ತಿಲ ಬಾಳೆ, ಊರಿನಿಂದ ಬಂದ ಸೋದರಮಾವ, ಯಾರಿಗೂ ಬಿಡುಗಡೆಯಿಲ್ಲ. ನಾಲ್ಕನೆಯ ತಿಂಗಳಲ್ಲಿ ಫಿಲ್ಮಿನ ಖರ್ಚಿನ ಲೆಕ್ಕ ಹೊರಬೀಳುತ್ತದೆ. ಕ್ಯಾಮರಾ ಅಟ್ಟ ಸೇರುತ್ತದೆ. ಬಹುಪಾಲು ಹವ್ಯಾಸಿಗಳ ಚರಿತ್ರೆ ಅಲ್ಲಿಗೆ ಮುಗಿಯಿತೆಂದೇ ಹೇಳಬೇಕು.

ಹುಣಸೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಷ್ಟರೊಬ್ಬರ ಚರಿತ್ರೆಯೂ ಅಲ್ಲಿಗೇ ಮುಗಿಯಬೇಕಾಗಿತ್ತು. 1980ರ ದಶಕದ ಕೊನೆಯ ಮಾತು. ಅವರ ಬಳಿ ಇದ್ದುದು ಆಗ್ಫಾ ಕ್ಲಿಕ್ ತ್ರೀ ಎಂಬ ಬಡವರ ಬಂಧು. ಬಿಸಿಲಿದ್ದರೆ ಸೂರ್ಯನ ಗುರುತು, ಮೋಡವಿದ್ದರೆ ಮೋಡದ ಗುರುತು. ಇದಕ್ಕಿಂತ ಹೆಚ್ಚಿನ ಹವಾಮಾನ ಶಾಸ್ತ್ರ ಅದಕ್ಕೆ ತಿಳಿಯದು. ಒಂದು ಸುರುಳಿ ಫಿಲ್ಮಿಗೆ ಹನ್ನೆರಡು ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ಬರುತ್ತಿದ್ದ ‘ಇಂದು’ ಫಿಲ್ಮೇ ಅವರ ಜೇಬಿಗೆ ಎಟುಕುತ್ತಿದ್ದುದು.

ಆ ಸೀಮೆಯಲ್ಲಿ ಕ್ಯಾಮರಾ ಹಿಡಿದವನಿಗೆ ಒಂದು ವಿಶೇಷ ರೋಗವೂ ಅಂಟಿಕೊಳ್ಳುತ್ತದೆ. ಅದು ಹುಲಿಯ ಹುಚ್ಚು. ಹುಣಸೂರಿನಿಂದ ಪಶ್ಚಿಮಕ್ಕೆ ಹೊರಟರೆ ನಾಗರಹೊಳೆಯ ಕಾಡು. 1955ರಲ್ಲಿ ಅಭಯಾರಣ್ಯವಾದುದು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ದಕ್ಷಿಣಕ್ಕೆ ಹೆಗ್ಗಡದೇವನಕೋಟೆಯ ಕಡೆ ಇಳಿದರೆ 1974ರಲ್ಲಿ ಕಟ್ಟಿ ಮುಗಿಸಿದ ಕಬಿನಿ ಅಣೆಕಟ್ಟಿನ ಹಿನ್ನೀರು. ಬೇಸಗೆಯಲ್ಲಿ ಅಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಇಳಿಯುವುದನ್ನು ಕಾಣಲು ದೇಶಾಂತರಗಳಿಂದ ಜನ ಬರುತ್ತಾರೆ. ಇಂಥ ಕಾಡು ಹಿತ್ತಿಲಲ್ಲಿರುವಾಗ ಮೇಷ್ಟರು ಸುಮ್ಮನೆ ಕುಳಿತಾರೆಯೆ? ಅವರೂ ಇಲಾಖೆಯ ವ್ಯಾನನ್ನೇರಿದರು. ಕಂಡದ್ದು ಜಿಂಕೆಯ ಹಿಂಭಾಗ, ಓಡಿಹೋದ ಕಾಡುಹಂದಿ ಎಬ್ಬಿಸಿದ ಧೂಳು, ಮತ್ತು ‘ಹುಲಿ ಈಗತಾನೇ ದಾಟಿತು’ ಎಂಬ ಚಾಲಕನ ಮಾತು. ಚಿತ್ರಗಳು ತೊಳೆದು ಬಂದಾಗ ಹನ್ನೆರಡರಲ್ಲಿ ಒಂಬತ್ತು ಬರಿಯ ಹುಲ್ಲು. ಇನ್ನೊಂದರಲ್ಲಿ ಆನೆಯೊಂದಿತ್ತು, ಆದರೆ ಕ್ಲಿಕ್ ತ್ರೀಯ ಮಸೂರ ಅದನ್ನು ಉಣ್ಣೆಯ ಗಾತ್ರಕ್ಕೆ ಇಳಿಸಿತ್ತು.

ಈ ಚಿತ್ರಗಳನ್ನು ತೊಳೆದುಕೊಟ್ಟವರು ಪೇಟೆಬೀದಿಯ ಸ್ಟುಡಿಯೋ ಯಜಮಾನರು. ಊರಿನ ಎರಡು ತಲೆಮಾರಿನ ಮದುವೆಗಳೂ ಪರೀಕ್ಷೆಯ ಅರ್ಜಿಗಳಿಗೆ ಅಂಟಿಸುವ ಮುಖಗಳೂ ಅವರ ಕತ್ತಲೆಕೋಣೆಯಲ್ಲಿ ಹುಟ್ಟಿದ್ದುವು. ಅವರು ಹುಲ್ಲಿನ ಒಂಬತ್ತು ಚಿತ್ರಗಳನ್ನು ಮೇಜಿನ ಮೇಲೆ ಇಸ್ಪೀಟಿನ ಎಲೆಗಳಂತೆ ಹರಡಿ, ಬಹಳ ಹೊತ್ತು ನೋಡಿ, “ಮೇಷ್ಟ್ರೆ, ಕಾಡು ಎಲ್ಲಿಗೂ ಓಡಿಹೋಗೋದಿಲ್ಲ. ನಿಮ್ಮ ಮನೆಯಿಂದ ಇಲ್ಲಿಗೆ ಬರೋ ದಾರೀಲಿ ಹನ್ನೆರಡು ಚಿತ್ರ ತೆಗೀರಿ. ಮುಖ ಆಮೇಲೆ ನೋಡಿ, ಮೊದಲು ಬೆಳಕು ಎಲ್ಲಿಂದ ಬರ್ತಾ ಇದೆ ನೋಡಿ” ಎಂದರು. ತೊಳೆದ ಬಾಬ್ತು ಮಾತ್ರ ಬಿಡಲಿಲ್ಲ.

ಮನೆಯಿಂದ ಸ್ಟುಡಿಯೋಗೆ ಅರ್ಧ ಮೈಲಿ. ಆ ಅರ್ಧ ಮೈಲಿಗೆ ಮೇಷ್ಟರು ನಾಲ್ಕು ತಿಂಗಳು ತೆಗೆದುಕೊಂಡರು. ಹೊಟೇಲಿನ ಒಲೆಯ ಹೊಗೆಗೆ ಬೆಳಗಿನ ಏಳೂವರೆಗೆ ಓರೆಯಾಗಿ ಬಿಸಿಲು ಬೀಳುತ್ತದೆ, ಎಂಟಕ್ಕೆ ಇರುವುದಿಲ್ಲ. ಲಕ್ಷ್ಮಣತೀರ್ಥದ ಸೇತುವೆಯ ಕೆಳಗೆ ಬಟ್ಟೆ ಒಗೆಯುವವರ ಬೆನ್ನ ಹಿಂದಿನಿಂದ ಬೆಳಕು ಬಂದಾಗ ನೀರಿನ ಹನಿಗಳು ಕಾಣುತ್ತವೆ, ಎದುರಿನಿಂದ ಬಂದಾಗ ಬಟ್ಟೆ ಮಾತ್ರ ಕಾಣುತ್ತದೆ. ಇಂಥ ಸಂಗತಿಗಳು ಪುಸ್ತಕದಲ್ಲಿಯೂ ಬರೆದಿರುತ್ತವೆ, ನಿಜ. ಆದರೆ ದಿನವೂ ನಡೆಯುವ ದಾರಿಯಲ್ಲಿ ಕಂಡುಕೊಂಡಾಗಲೇ ಅವು ಮೈಗೆ ಹತ್ತುವುದು.

ಸ್ಟುಡಿಯೋದ ಹಿಂಗೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಕೆಲವರು ಸೇರುತ್ತಿದ್ದರೆಂಬುದು ಮೇಷ್ಟರಿಗೆ ತಿಳಿದದ್ದು ಆಮೇಲೆ. ಒಬ್ಬರು ಬೆಟ್ಟದಪುರದ ಕಡೆಯವರು, ಬ್ಯಾಂಕಿನ ಗುಮಾಸ್ತರು. ಒಬ್ಬರು ಕೃಷ್ಣರಾಜನಗರದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು. ಕೋಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದವರು ದನದ ಆಸ್ಪತ್ರೆಯ ಕಾಂಪೌಂಡರು. ಮತ್ತೊಬ್ಬರು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ದರ್ಜೆ ವಿಂಗಡಿಸುವ ಕೆಲಸದವರು, ಮಿತಭಾಷಿಗಳು. ಸಂಘವೆಂದು ಹೆಸರಿಲ್ಲ, ಚಂದಾ ಇಲ್ಲ, ಕಾಫಿಯ ಖರ್ಚು ಸರದಿಯ ಮೇಲೆ. ಬ್ಯಾಂಕಿನವರು ಬೆಂಗಳೂರಿನಲ್ಲಿದ್ದಾಗ ಅಲ್ಲಿನ ಹವ್ಯಾಸಿಗಳ ಕೂಟಗಳಲ್ಲಿ ನಾಲ್ಕಾರು ಸಲ ಕುಳಿತು ಬಂದಿದ್ದರು. ಅಲ್ಲಿಂದ ಅವರು ತಂದ ನಿಯಮ ಒಂದೇ: ಚಿತ್ರವನ್ನು ಮೇಜಿನ ಮೇಲಿಟ್ಟ ಮೇಲೆ ಅದನ್ನು ತೆಗೆದವನು ಬಾಯಿ ತೆರೆಯಕೂಡದು.

ಈ ನಿಯಮ ಎಷ್ಟು ಕಠಿನವೆಂಬುದು ಅನುಭವಿಸಿದವರಿಗೇ ಗೊತ್ತು. ‘ಅಂದು ಮಳೆ ಬರುವ ಹಾಗಿತ್ತು’, ‘ಆ ಮುದುಕಿ ತಿರುಗಿಬಿಟ್ಟಳು’, ‘ಹಿಂದಿನ ದೀಪದ ಕಂಬ ಕಾಣಿಸಲಿಲ್ಲ’ ಎಂದು ಹೇಳಿಕೊಳ್ಳುವ ಅವಕಾಶವಿಲ್ಲದೆ ಹೋದರೆ ಚಿತ್ರಗಾರ ಬೆತ್ತಲಾದಂತೆಯೇ. ಕಂಬ ತಲೆಯ ಮೇಲೆ ಮೊಳೆತಿದ್ದರೆ ಮೊಳೆತಿದೆ, ಅಷ್ಟೆ. ದಿನವೂ ನಲವತ್ತು ಮಕ್ಕಳ ಬಾಯಿ ಮುಚ್ಚಿಸುತ್ತಿದ್ದ ಮೇಷ್ಟರು ಮೊದಲ ಸಲ ಅಲ್ಲಿ ಬಾಯಿ ಮುಚ್ಚಿ ಕುಳಿತರು.

ಅದು ಬೆಂಗಳೂರಿನ ಹಳೆಯ ಸಂಪ್ರದಾಯವೇ ಸರಿ. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಹುಟ್ಟಿದಾಗ ಅದರ ಹಿಂದೆ ನಿಂತವರು ಬೆಂಗಳೂರಿನ ಡಾ. ಜಿ. ಥಾಮಸ್. 1971ರಲ್ಲಿ ಅದೇ ನಗರದಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ವನ್ಯಜೀವಿಗಳ ಚಿತ್ರಕ್ಕೆ ಲೋಕಪ್ರಸಿದ್ಧರಾದ ಟಿ. ಎನ್. ಎ. ಪೆರುಮಾಳ್ (1932–2017) ಪಳಗಿದ್ದು ಒ. ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಒಡನಾಟದಲ್ಲಿ, ಸಂಡೂರಿನ ಎಂ. ವೈ. ಘೋರ್ಪಡೆಯವರು ಮಂತ್ರಿಗಿರಿಯ ನಡುವೆಯೂ ಕಾಡಿನಲ್ಲಿ ಕ್ಯಾಮರಾ ಹಿಡಿದು ಕಾದವರು. ಒಬ್ಬರ ಕಣ್ಣು ಇನ್ನೊಬ್ಬರ ಕಣ್ಣನ್ನು ತಿದ್ದದೆ ಈ ವಿದ್ಯೆ ಬೆಳೆದ ಹಾಗೆ ಕಾಣುವುದಿಲ್ಲ. ಆದರೆ ಸ್ಟುಡಿಯೋ ಯಜಮಾನರ ದೇವರು ಬೇರೆ. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923–2009) ತೆಗೆದ ಚಿತ್ರಗಳನ್ನು ಅವರು ಪತ್ರಿಕೆಗಳಿಂದ ಕತ್ತರಿಸಿ ರಟ್ಟಿಗೆ ಅಂಟಿಸಿಟ್ಟಿದ್ದರು. ದೊಡ್ಡ ದೊಡ್ಡ ಪತ್ರಿಕೆಗಳಿಗೆ ದೇಶವೆಲ್ಲ ಸುತ್ತಿದ ಮನುಷ್ಯ, ಆದರೂ ಮಕ್ಕಳನ್ನೂ ದಾರಿಹೋಕರನ್ನೂ ನಮ್ಮ ಬೀದಿಯವರನ್ನು ನೋಡುವ ಹಾಗೆ ನೋಡಿದರು ಎಂಬುದು ಯಜಮಾನರ ಅಭಿಪ್ರಾಯ.

ಕೂಟದವರ ಬೆನ್ನು ಹತ್ತಿ ಮೇಷ್ಟರು ನಾಲ್ಕು ತಾಲ್ಲೂಕುಗಳನ್ನು ಸುತ್ತಿದರು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಕತ್ತಲೆಯಲ್ಲಿಯೇ ಹತ್ತಿ, ಮಂಜು ಕರಗುವ ಮುನ್ನ ತುದಿ ಸೇರಿ, ಏದುಸಿರಿನಲ್ಲಿ ಕೈ ನಡುಗಿ ಹನ್ನೆರಡೂ ಚಿತ್ರ ಕೆಟ್ಟದ್ದುಂಟು. 1960ರ ಹೊತ್ತಿನಿಂದ ಟಿಬೇಟಿನ ನಿರಾಶ್ರಿತರು ನೆಲೆನಿಂತ ಬೈಲಕುಪ್ಪೆಯಲ್ಲಿ, ಜಪಚಕ್ರ ತಿರುಗಿಸುತ್ತ ಕುಳಿತ ಅಜ್ಜಿಯೊಬ್ಬರು ಕ್ಯಾಮರಾ ಕಂಡೊಡನೆ ಬೆರಳಾಡಿಸಿ ಬೇಡವೆಂದದ್ದುಂಟು. ಮೇಷ್ಟರು ಅಂದು ಕ್ಯಾಮರಾ ಕೆಳಗಿಳಿಸಿದರು. ಕೂಟದಲ್ಲಿ ಅದನ್ನು ಹೇಳಿಕೊಳ್ಳಲು ಮಾತ್ರ ಸಂಕೋಚಪಟ್ಟರು.

ಕೋಟೆಯ ಕಾಂಪೌಂಡರು ಅವರನ್ನು ಕಾರಾಪುರಕ್ಕೆ ಕರೆದೊಯ್ದರು. ಹಿನ್ನೀರಿನ ದಂಡೆಯಲ್ಲಿ ನಿಂತು, ಇಲ್ಲಿಯೇ ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದುದು, ಕೊನೆಯದು 1971ರಲ್ಲಿ ನಡೆದುದು, ಆ ನೆಲವೇ ಈಗ ನೀರಿನ ಕೆಳಗಿದೆ ಎಂದು ಕೈ ತೋರಿದರು. ಮಾವುತನ ಮಗ ಸಾಬು ಹುಟ್ಟಿದ್ದು ಇದೇ ಕಾರಾಪುರದಲ್ಲಿ, 1924ರಲ್ಲಿ. ರಾಬರ್ಟ್ ಫ್ಲಾಹರ್ಟಿಯ ತಂಡ 1935ರಲ್ಲಿ ಮೈಸೂರು ಸೀಮೆಗೆ ಬಂದಾಗ ಆ ಹುಡುಗನನ್ನು ಮೊದಲು ಗುರುತಿಸಿದ ಕಣ್ಣು ಛಾಯಾಗ್ರಾಹಕ ಆಸ್ಮಂಡ್ ಬೊರಡೇಲನದೆಂದು ಹೇಳುತ್ತಾರೆ. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆ ಕಂಡಿತು, ಸಾಬು ಜಗತ್ಪ್ರಸಿದ್ಧನಾದ, 1963ರಲ್ಲಿ ಅಮೆರಿಕದಲ್ಲಿ ತೀರಿಕೊಂಡ. ಕ್ಯಾಮರಾದ ಒಂದು ನೋಟ ಒಬ್ಬ ಹುಡುಗನನ್ನು ಆನೆಯ ಕತ್ತಿನಿಂದ ಇಳಿಸಿ ಹಾಲಿವುಡ್ಡಿಗೆ ಎತ್ತಿ ಹಾಕಿತು. ಕಾಂಪೌಂಡರಿಗೆ ಇದು ಹೆಮ್ಮೆಯ ಕಥೆ. ಮೇಷ್ಟರು ಆಗ ಅದನ್ನು ಹೆಮ್ಮೆಯ ಕಥೆಯೆಂದೇ ಕೇಳಿಸಿಕೊಂಡರು.

ಎಲ್ಲಕ್ಕಿಂತ ಹೆಚ್ಚಿನ ಪಾಠವಾದುದು ಚುಂಚನಕಟ್ಟೆಯಲ್ಲಿ. ಕೃಷ್ಣರಾಜನಗರದ ಕಡೆಯ ಈ ಕ್ಷೇತ್ರದಲ್ಲಿ ಕಾವೇರಿ ಬಂಡೆಗಳ ಮೇಲಿನಿಂದ ಧುಮುಕುತ್ತಾಳೆ. ಪಕ್ಕದಲ್ಲೇ ಕೋದಂಡರಾಮನ ಗುಡಿ. ಧುಮುಕುವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳಿಸುವುದಿಲ್ಲವೆಂದು ಪ್ರತೀತಿ. ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಗೆ ಎಣ್ಣೆ. ಮದುವಣಿಗರಿಗೆ ಇಷ್ಟು ಉಪಚಾರವಿರುವುದಿಲ್ಲ. ವ್ಯಾಪಾರ ಮಾತಿನಲ್ಲಿ ನಡೆಯುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಗುಟ್ಟು ತಿಳಿಯದು. ಮೇಷ್ಟರು ಹಿಗ್ಗಿ ಹನ್ನೆರಡೂ ಚಿತ್ರಗಳನ್ನು ಆ ಟವೆಲಿನ ಮೇಲೆಯೇ ಸುರಿದರು. ತೊಳೆದು ನೋಡಿದರೆ ಎರಡು ಅಂಗಿ, ಒಂದು ಟವೆಲು. ಗುಟ್ಟು ಕ್ಯಾಮರಾಕ್ಕೂ ತಿಳಿದಿರಲಿಲ್ಲ.

ಕೂಟದಲ್ಲಿ ಕಾಂಪೌಂಡರು ಹೇಳಿದರು: “ಕೈ ಮುಚ್ಚಿದೆಯಲ್ಲ ಮೇಷ್ಟ್ರೆ, ಅಲ್ಲೇನು ನೋಡ್ತೀರಿ? ಎತ್ತಿನ ಹಗ್ಗ ಯಾರ ಕೈಲಿದೆ ಅಂತ ನೋಡಬೇಕಿತ್ತು.”

ಮರುವರ್ಷದ ಸಂಕ್ರಾಂತಿಗೆ ಮೇಷ್ಟರು ಮತ್ತೆ ಹೋದರು. ಅಪ್ಪನ ಕೈ ಟವೆಲಿನೊಳಗಿತ್ತು. ಆಚೆ ಹಗ್ಗ ಹಿಡಿದು ನಿಂತಿದ್ದವನು ಹತ್ತು ವರ್ಷದ ಹುಡುಗ. ಎತ್ತಿನ ಗಂಗೆದೊಗಲನ್ನು ನೇವರಿಸುತ್ತ, ಟವೆಲಿನೊಳಗಿನ ಅಲುಗಾಟವನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದ. ಮೇಷ್ಟರು ಒಂದೇ ಚಿತ್ರ ತೆಗೆದರು. ಅದು ಮೇಜಿನ ಮೇಲೆ ಬಿದ್ದಾಗ ಯಾರೂ ಮಾತಾಡಲಿಲ್ಲ. ಯಜಮಾನರು ಎದ್ದು ಹೋಗಿ ತಮ್ಮ ಹಳೆಯ ಯಾಶಿಕಾ ಕ್ಯಾಮರಾವನ್ನು ತಂದು, “ಇನ್ನು ಇದರಲ್ಲಿ ತೆಗೀರಿ, ಕೆಟ್ಟರೆ ನೀವೇ ರಿಪೇರಿ ಮಾಡಿಸಬೇಕು” ಎಂದರು.

ಯಾಶಿಕಾ ಎರಡು ಕಣ್ಣಿನ ಕ್ಯಾಮರಾ. ಎದೆಯ ಕೆಳಗೆ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ಅದರ ಗಾಜಿನಲ್ಲಿ ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಕಾಣುತ್ತದೆ. ಅದರಲ್ಲಿಯೂ ಸುರುಳಿಗೆ ಹನ್ನೆರಡೇ ಚಿತ್ರ. ಆದರೆ ಕತ್ತಲೆಯಲ್ಲಿ ಬಾಗಿಲನ್ನು ಅರ್ಧ ಸೆಕೆಂಡು ತೆರೆದಿಡಬಹುದು. ಈ ಒಂದು ಅನುಕೂಲ ಮೇಷ್ಟರನ್ನು ಕೆಡಿಸಿತು.

ಈ ನಾಲ್ಕು ತಾಲ್ಲೂಕುಗಳ ಒಣಭೂಮಿ ಹೊಗೆಸೊಪ್ಪಿನ ಸೀಮೆ. ಮುಂಗಾರಿನ ಮೊದಲಲ್ಲಿ ಸಸಿ ನೆಟ್ಟು, ಆಷಾಢ ಶ್ರಾವಣಗಳಲ್ಲಿ ಎಲೆ ಮುರಿದು, ಕಡ್ಡಿಗಳಿಗೆ ಕಟ್ಟಿ, ಎತ್ತರದ ಗೋಡೆಗಳ ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ನೇತುಹಾಕುತ್ತಾರೆ. ಗೋಡೆಯ ಹೊರಗೆ ಒಲೆ. ಅದರ ಬಿಸಿ ತಗಡಿನ ಕೊಳವೆಗಳಲ್ಲಿ ಒಳಗೆಲ್ಲ ಸುತ್ತುತ್ತದೆ. ಐದಾರು ದಿನ ಹಗಲಿರುಳು ಒಲೆ ಕಾಯಬೇಕು. ಮೊದಲು ಮಂದವಾದ ಬಿಸಿಯಲ್ಲಿ, ಸುಮಾರು ನೂರು ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ, ಎಲೆಗೆ ಹಳದಿ ಬರಬೇಕು. ಆಮೇಲೆ ಮೆಲ್ಲಮೆಲ್ಲನೆ ಏರಿಸಿ ಎಲೆಯನ್ನೂ, ಕೊನೆಗೆ 160 ಡಿಗ್ರಿಯವರೆಗೆ ಹೋಗಿ ನಡುನರವನ್ನೂ ಒಣಗಿಸಬೇಕು. ಹಳದಿ ಬರುವ ಮೊದಲೇ ಬಿಸಿ ಏರಿದರೆ ಹಸಿರು ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಆ ಎಲೆಗೆ ಆಮೇಲೆ ಯಾವ ದೇವರೂ ಬಣ್ಣ ಕೊಡಲಾರ. ರೈತನಿಗೆ ಇದನ್ನು ಹೇಳುವುದು ಒಂದು ಕಿಂಡಿಯಲ್ಲಿ ಕಾಣುವಂತೆ ಒಳಗೆ ತೂಗುಹಾಕಿದ ಉಷ್ಣಮಾಪಕ. ಆ ಹೊಗೆಸೊಪ್ಪಿನಿಂದ ಲೋಕಕ್ಕೆ ಒಳ್ಳೆಯದಾಗಿದೆಯೆ ಎಂಬುದು ಬೇರೆ ಮಾತು. ಹೊಗೆಯುಗುಳುವ ಆ ಗೋಡೆಗಳ ಹಿಂದೆ ಅನೇಕ ಮನೆಗಳ ಮದುವೆ ಮುಂಜಿಗಳು, ಸಾಲಗಳು ನೇತುಬಿದ್ದಿರುವುದಂತೂ ದಿಟ.

ಮೇಷ್ಟರ ತರಗತಿಯ ಹುಡುಗನೊಬ್ಬನ ತಂದೆ ಪಿರಿಯಾಪಟ್ಟಣದ ದಾರಿಯ ಹಳ್ಳಿಯ ಗೌಡರು. ಜಿನುಗುವ ಮಳೆಯ ಒಂದು ಶ್ರಾವಣದ ರಾತ್ರಿ ಮೇಷ್ಟರು ಮುಕ್ಕಾಲಿಯೊಡನೆ ಅವರ ಬ್ಯಾರನ್ನಿನ ಮುಂದೆ ಇಳಿದರು. ಗೌಡರು ಗೋಣಿತಾಟು ಹಾಸಿ, ಕಾಫಿ ಕಾಯಿಸಿ ಕೊಟ್ಟು, ಮಗನ ಲೆಕ್ಕದ ವಿಚಾರ ಕೇಳಿ, ಒಲೆಯ ಮುಂದೆ ಕುಳಿತರು. ಕೆಂಪು ಬೆಳಕು ಮುಖದ ಅರ್ಧಕ್ಕೆ ಬಿದ್ದಿತ್ತು. ಮೇಷ್ಟರು ಬಗ್ಗಿ ಗಾಜು ನೋಡಿದರು. ಬೆಳಕು ಸಾಲದು.

“ಗೌಡ್ರೆ, ಉರಿ ಇನ್ನೊಂಚೂರು ಮೇಲಕ್ಕೆ ಬಂದರೆ ಚೆನ್ನಾಗಿತ್ತು.”

ಗೌಡರು ಒಂದು ಕ್ಷಣ ಕಿಂಡಿಯ ಕಡೆ ನೋಡಿದರು. “ಅದ್ಕೇನಂತೆ ಮೇಷ್ಟ್ರೆ” ಎಂದು ಎರಡು ಕೊರಡು ತಳ್ಳಿದರು. ಕಿಡಿ ಹಾರಿತು. ಮೇಷ್ಟರು ಒಂದು ತೆಗೆದರು, ಎರಡು ತೆಗೆದರು. ಉರಿ ಇಳಿಯಿತು. ಮತ್ತೆ ಎರಡು ಕೊರಡು. ಹನ್ನೆರಡು ಚಿತ್ರ ಮುಗಿಯುವ ಹೊತ್ತಿಗೆ ಒಲೆ ಮೂರು ಸಲ ಭಗ್ಗೆಂದಿತ್ತು. ಎಡವಟ್ಟಾದ ಒಂದೊಂದು ಅಂಕೆಗೂ ಮಕ್ಕಳ ಕಿವಿ ಹಿಂಡುತ್ತಿದ್ದ ಗಣಿತದ ಮೇಷ್ಟರು ಆ ರಾತ್ರಿ ಕಿಂಡಿಯೊಳಗಿನ ಅಂಕೆಯ ಕಡೆ ಒಮ್ಮೆಯೂ ನೋಡಲಿಲ್ಲ.

ಚಿತ್ರ ಅದ್ಭುತವಾಗಿ ಬಂದಿತು. ಕತ್ತಲೆಯಿಂದ ಎದ್ದುಬಂದ ಮುಖ, ಬೆವರಿನ ಒಂದು ಗೆರೆ, ಭುಜದ ಮೇಲೆ ಚಿಮ್ಮಿದ ಕಿಡಿಗಳು. ಯಜಮಾನರು ತಾವೇ ಕತ್ತಲೆಕೋಣೆಯಲ್ಲಿ ನಿಂತು ದೊಡ್ಡದು ಮಾಡಿಕೊಟ್ಟರು. ‘ಅಗ್ನಿಸಾಕ್ಷಿ’ ಎಂದು ಹೆಸರಿಟ್ಟು ದೂರದ ಊರಿನ ಸ್ಪರ್ಧೆಯೊಂದಕ್ಕೆ ಕಳಿಸಿದ್ದಾಯಿತು; ಪ್ರಶಸ್ತಿಪತ್ರ ಅಂಚೆಯಲ್ಲಿ ಬಂದುದೂ ಆಯಿತು. ಆ ಭಾನುವಾರ ಕಾಫಿಯ ಜೊತೆಗೆ ಮೈಸೂರುಪಾಕು. ಎಲ್ಲರೂ ಹೊಗಳಿದರು. ದರ್ಜೆ ವಿಂಗಡಿಸುವವರು ಮಾತ್ರ ಚಿತ್ರವನ್ನು ಕೈಗೆತ್ತಿಕೊಂಡು ನೋಡಿ, ಕೆಳಗಿಟ್ಟು, ಸುಮ್ಮನಾದರು. ಬಸ್ಸಿಗೆ ಹೊರಡುವಾಗ ಬಾಗಿಲಾಚೆ ಮೇಷ್ಟರನ್ನು ತಡೆದರು.

“ಈ ಬ್ಯಾರನ್ನಿನ ಸೊಪ್ಪು ನನ್ನ ಕಣ್ಣೆದುರಿಗೇ ಬಂತು ಮೇಷ್ಟ್ರೆ. ಪೂರ್ತಿ ಹಸಿರು ಕಟ್ಟಿಬಿಟ್ಟಿತ್ತು. ಕಡೇ ದರ್ಜೆಗೆ ಹೋಯ್ತು. ನಿಮಗ್ಯಾಕೆ ಹಿಂಗಾಯ್ತು ಗೌಡ್ರೆ, ಇಷ್ಟು ವರ್ಷದವರು ಅಂತ ಕೇಳಿದೆ. ‘ಮೇಷ್ಟ್ರು ಬಂದಿದ್ರು, ಬೆಳಕು ಸಾಲ್ದು ಅಂದ್ರು’ ಅಂದ್ರು. ಅಷ್ಟೆ. ಯಾರಿಗೂ ಹೇಳಬೇಡಿ ಅಂತಲೂ ಅಂದ್ರು.”

ಮೇಷ್ಟರು ಆ ರಾತ್ರಿ ನಿದ್ದೆ ಮಾಡಿರಲಾರರು. ಒಂದು ವಾರ ಕಳೆದ ಮೇಲೆ ಲಕೋಟೆಯಲ್ಲಿ ತಿಂಗಳ ಸಂಬಳದ ಅರ್ಧವನ್ನೂ, ಜೊತೆಗೆ ಆ ಚಿತ್ರದ ಒಂದು ಪ್ರತಿಯನ್ನೂ ಇಟ್ಟುಕೊಂಡು ಹಳ್ಳಿಗೆ ಹೋದರು. ಗೌಡರು ಲಕೋಟೆಯನ್ನು ಮುಟ್ಟಲಿಲ್ಲ. “ಬಿಡಿ ಮೇಷ್ಟ್ರೆ. ಕೊರಡು ಹಾಕಿದ ಕೈ ನಂದು. ಮಳೆ ಬಂದು ಬೆಳೆ ಹೋದ್ರೆ ಮಳೆರಾಯನ ತಾವು ದುಡ್ಡು ಕೇಳಕಾಯ್ತದಾ?” ಎಂದರು.

ಬಾಗಿಲ ಮರೆಯಲ್ಲಿ ನಿಂತಿದ್ದ ಗೌಡರ ಹೆಂಡತಿಗೆ ಅಷ್ಟು ಔದಾರ್ಯವಿರಲಿಲ್ಲ, ಇರಬೇಕೆಂದೂ ಇಲ್ಲ. “ಒಂದು ಬ್ಯಾರನ್ ಸೊಪ್ಪು ಅಂದ್ರೆ ನಮ್ಮ ಹುಡುಗಿಗೆ ಒಂದು ಜೊತೆ ಓಲೆ ಆಗೋದು, ಮೇಷ್ಟ್ರೆ” ಎಂದರು. ಗೌಡರು ಹೆಂಡತಿಯ ಕಡೆ ಕಣ್ಣು ಬಿಟ್ಟರು. ಆಕೆ ಹೆದರಲಿಲ್ಲ. ಮೇಷ್ಟರ ಕೈಯಿಂದ ಚಿತ್ರವನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, “ಇದೇನಿದು, ಸುಡುಗಾಡು ಕಾಯೋನ ಹಂಗೆ ಹಿಡಿದಿದ್ದೀರಲ್ಲ! ಮನೇಲಿ ಗೋಡೆಗೆ ಹಾಕಕ್ಕಾಯ್ತದಾ ಇದನ್ನ?” ಎಂದರು. ಸ್ವಲ್ಪ ತಡೆದು, “ಹಿಡಿಯೋದಾದ್ರೆ ನಮ್ಮನ್ನೆಲ್ಲ ಹಗಲೊತ್ತು ಹಿಡೀರಿ” ಎಂದರು. ಆ ಮನೆಯಲ್ಲಿ ಅದುವರೆಗೆ ಯಾರದೂ ಚಿತ್ರವಿರಲಿಲ್ಲ.

ಅಂದು ಮೇಷ್ಟರ ಬಳಿ ಕ್ಯಾಮರಾ ಇರಲಿಲ್ಲ. ಇನ್ನೊಂದು ಭಾನುವಾರ ಬಂದರು. ಗೌಡರು ಮಡಿಕೆ ಮುರಿಯದ ಬಿಳಿ ಅಂಗಿ ತೊಟ್ಟು ನಿಂತಿದ್ದರು. ಹೆಂಡತಿ ಮದುವೆಯ ಸೀರೆಯಲ್ಲಿ, ಮಗಳು ಎರಡು ಜಡೆಯಲ್ಲಿ, ಮಗ ಇಸ್ತ್ರಿ ಮಾಡಿದ ಶಾಲೆಯ ಬಟ್ಟೆಯಲ್ಲಿ. ಎರಡು ಪಕ್ಕದಲ್ಲಿ ಮೈತೊಳೆದ ಎರಡು ಎತ್ತುಗಳು. ಮೇಷ್ಟರು ಕಲಿತಿದ್ದ ಶಾಸ್ತ್ರವೆಲ್ಲ ಅಡ್ಡ ಬಂದಿತು. ಎಲ್ಲರೂ ಒಂದೇ ಸಾಲಿನಲ್ಲಿ. ಎಲ್ಲರ ಕಣ್ಣೂ ನೇರ ಕ್ಯಾಮರಾದ ಮೇಲೆ. ನೆರಳಿಲ್ಲದ ಹತ್ತು ಗಂಟೆಯ ಬೆಳಕು. ಕೊಂಚ ಆಚೆ ತಿರುಗಿ ನಿಲ್ಲಿ ಎಂಬ ಮಾತು ಅವರ ನಾಲಗೆಯ ತುದಿಗೆ ಬಂದು ನಿಂತಿತು. ಆಡಲಿಲ್ಲ. ನಿಂತವರು ಹೇಗೆ ನಿಂತಿದ್ದರೋ ಹಾಗೆಯೇ ತೆಗೆದರು.

ಪ್ರತಿಯನ್ನು ಕೊಡಲು ಹೋದಾಗ ಗೌಡರ ಮನೆಯವರೆಲ್ಲ ಅದರ ಮೇಲೆ ಬಗ್ಗಿದರು. “ಎಲ್ಲಾ ಚೆಂದಾಗದೆ ಮೇಷ್ಟ್ರೆ. ಬಲಗಡೆ ಎತ್ತಿನ ಬಾಲ ಎಲ್ಲಿ?” ಎಂದರು ಗೌಡರು. ನಿಜ. ಎಡಬಲ ತಿರುಗಿಸಿ ತೋರಿಸುವ ಯಾಶಿಕಾದ ಗಾಜಿನಲ್ಲಿ ಮೇಷ್ಟರು ಬಲಕ್ಕೆ ಸರಿಯುವ ಬದಲು ಎಡಕ್ಕೆ ಸರಿದಿದ್ದರು. ಎತ್ತಿನ ಹಿಂಭಾಗ ಚೌಕಟ್ಟಿನಿಂದ ಹೊರಗುಳಿದಿತ್ತು.

ಮುಂದಿನ ಕೂಟದಲ್ಲಿ ಮೇಷ್ಟರು ಈ ಚಿತ್ರವನ್ನು ಮೇಜಿನ ಮೇಲಿಟ್ಟು ಬಾಯಿ ಮುಚ್ಚಿ ಕುಳಿತರು. ಬ್ಯಾಂಕಿನವರು ಇದರಲ್ಲಿ ರಚನೆ ಇಲ್ಲವೆಂದರು. ಗಿರಣಿಯವರು ಇದು ಸ್ಟುಡಿಯೋ ಗ್ರೂಪಿನ ಹಾಗಿದೆಯೆಂದರು. ಕಾಂಪೌಂಡರು ಎತ್ತುಗಳ ವಯಸ್ಸು ಹೇಳಿದರು. ದರ್ಜೆ ವಿಂಗಡಿಸುವವರು ಎಂದಿನಂತೆ ಏನೂ ಹೇಳಲಿಲ್ಲ. ಆದರೆ ಚಿತ್ರ ಬಹಳ ಹೊತ್ತು ಅವರ ಕೈಯಲ್ಲಿಯೇ ಇತ್ತು. ಯಜಮಾನರು ಕೊನೆಗೆ, “ಬಾಲ ಸೇರಿಸಿಕೊಂಡು ಬನ್ನಿ” ಎಂದರು.

ಶಾಲೆಯ ಪರೀಕ್ಷೆ, ಮನೆಯ ತಾಪತ್ರಯಗಳಲ್ಲಿ ಸಂಕ್ರಾಂತಿ ಕಳೆದುಹೋಯಿತು. ಮೇಷ್ಟರು ಹೊಸ ಸುರುಳಿ ತುಂಬಿಕೊಂಡು ಹಳ್ಳಿಗೆ ಹೋದಾಗ ಕೊಟ್ಟಿಗೆ ಖಾಲಿ ಇತ್ತು. ಎತ್ತುಗಳು ಚುಂಚನಕಟ್ಟೆಯ ಜಾತ್ರೆಯಲ್ಲಿ ಕೈ ಬದಲಾಯಿಸಿದ್ದುವು. ಹಗ್ಗ ಯಾರು ಹಿಡಿದಿದ್ದರೆಂದು ಮೇಷ್ಟರು ಕೇಳಲಿಲ್ಲ. ಮಗಳ ಕಿವಿಯಲ್ಲಿ ಓಲೆ ಇತ್ತು. ಬಾಲವಿಲ್ಲದ ಎತ್ತಿನ ಚಿತ್ರಕ್ಕೆ ಕಟ್ಟು ಹಾಕಿಸಿ, ನಡುಮನೆಯಲ್ಲಿ ದೇವರ ಪಟಗಳ ಪಕ್ಕದಲ್ಲಿ ತೂಗುಹಾಕಿದ್ದರು.

ಈಗ ಆ ಸ್ಟುಡಿಯೋದಲ್ಲಿ ಜೆರಾಕ್ಸ್ ಯಂತ್ರವಿದೆ. ಕತ್ತಲೆಕೋಣೆಯಲ್ಲಿ ಕಾಗದದ ರಿಮ್ಮುಗಳನ್ನು ಪೇರಿಸಿಟ್ಟಿದ್ದಾರೆ. ಯಜಮಾನರು ಇಲ್ಲ. ಊರಿಗೆ ಊರೇ ಜೇಬಿನಲ್ಲಿ ಕ್ಯಾಮರಾ ಇಟ್ಟುಕೊಂಡು ತಿರುಗುವ ಕಾಲ. ನಿವೃತ್ತರಾದ ಮೇಷ್ಟರ ಬಳಿಯೂ ಮಗ ಕೊಡಿಸಿದ ಡಿಜಿಟಲ್ ಕ್ಯಾಮರಾ ಇದೆ. ಸಾವಿರಾರು ಚಿತ್ರ ಹಿಡಿಯುವ ಕಾರ್ಡು ಅದರೊಳಗಿದ್ದರೂ ಅವರು ಒಂದು ದಿನಕ್ಕೆ ಹನ್ನೆರಡಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಮೊಮ್ಮಗನಿಗೆ ಇದೊಂದು ತಮಾಷೆ.

ಗೌಡರ ಬ್ಯಾರನ್ನನ್ನು ಈಗ ನೋಡಿಕೊಳ್ಳುವವನು ಅವರ ಮಗ, ಮೇಷ್ಟರ ಆ ಹಳೆಯ ಶಿಷ್ಯ. ಪ್ರತಿ ಶ್ರಾವಣಕ್ಕೂ ಮೇಷ್ಟರು ಅಲ್ಲಿಗೆ ಹೋಗುತ್ತಾರೆ. ಹೋದವರು ಮೊದಲು ಕನ್ನಡಕ ಒರೆಸಿಕೊಂಡು ಕಿಂಡಿಯಲ್ಲಿ ಕಣ್ಣಿಟ್ಟು ಅಂಕೆ ಓದುತ್ತಾರೆ. ಕಳೆದ ಸಲ ಹೋದಾಗ ಅಂಕೆ ತೊಂಬತ್ತೆಂಟರಲ್ಲಿತ್ತು.

“ಇವತ್ತು ಬೇಡಿ ಮೇಷ್ಟ್ರೆ. ಇನ್ನೂ ಹಳದಿ ಬಂದಿಲ್ಲ. ಆಚೆ ನಾಡಿದ್ದು ಬನ್ನಿ, ಉರಿ ಜೋರು ಮಾಡ್ತೀನಿ” ಎಂದ ಶಿಷ್ಯ.

ಮೇಷ್ಟರು ಗೋಣಿತಾಟಿನ ಮೇಲೆ ಕುಳಿತು ಕಾಫಿ ಕುಡಿದು, ಚೀಲ ಬಿಚ್ಚದೆ ಕಡೆಯ ಬಸ್ಸು ಹಿಡಿದರು.